ವಿಮಾನದ ಮಾಮ

ನಮ್ಮ ಮನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ. ಅಜ್ಜಿಗೆ ಅವರು ಕಡೆಯ ತನಕ 'ಸಣ್ಣಾವ', ಅವ್ವನಿಗೆ 'ತಮ್ಮ', ಅಪ್ಪನ ಬಾಯಲ್ಲಿ ಅರ್ಧ ಚೇಷ್ಟೆ ಅರ್ಧ ಗೌರವದ 'ಸಾಹೇಬ್ರು', ಎದುರುಮನೆಯ ತಮಿಳು ಪಾಟಿಗೆ 'ಪ್ಲೇನ್ ತಂಬಿ'. ನಾವು ಮಕ್ಕಳೆಂದರೆ ಒಂದು ದಂಡು: ನಮ್ಮ ಮನೆಯವರು, ಕಾಕಾನ ಮಕ್ಕಳು, ಬೇಸಿಗೆ ಸೂಟಿಗೆಂದು ಬಳ್ಳಾರಿಯಿಂದ ಬಂದು ಜೂನ್ ಮುಗಿದರೂ ಜಾಗ ಬಿಡದ ದೊಡ್ಡವ್ವನ ಮಕ್ಕಳು. ಈ ದಂಡಿಗೆಲ್ಲ ಅವರು ವಿಮಾನದ ಮಾಮ. ಬೇರೆ ಮಾಮಂದಿರೂ ಇದ್ದರು. ಅವರು ರೈಲಿನಲ್ಲಿ ಬರುತ್ತಿದ್ದರು, ಮಂಡಕ್ಕಿ ಚೀಲ ತರುತ್ತಿದ್ದರು, ನಮ್ಮ ಮಗ್ಗಿ ಕೇಳುತ್ತಿದ್ದರು. ಈ ಮಾಮ ಒಂದು ದಿನವೂ ಮಗ್ಗಿ ಕೇಳಲಿಲ್ಲ. ಹೋದ ವರ್ಷ ಮಳೆಗಾಲ ಹಿಂದಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ತೀರಿಕೊಂಡರು, ಮಲಗಿದಲ್ಲೇ. ಅಮೆರಿಕದಲ್ಲಿರುವ ತಮ್ಮನಿಂದ ಹಿಡಿದು ಹೊಸಪೇಟೆಯಲ್ಲಿರುವ ಅಕ್ಕನವರೆಗೆ ದಂಡಿನವರೆಲ್ಲ ಅವತ್ತಿನಿಂದ ಫೋನಿನಲ್ಲಿ ಮಾತಾಡಿಕೊಂಡದ್ದು ಅವರ ಸಾವಿನ ವಿಚಾರಕ್ಕಿಂತ ಎಣ್ಣೂರಿನ ವಿಚಾರವೇ ಹೆಚ್ಚು.

ಎಣ್ಣೂರೆಂದರೆ ಈಗ ಚೆನ್ನೈಯವರೂ ಮೂಗು ಮುರಿಯುತ್ತಾರೆ. ಆಗ ಅದು ಮದ್ರಾಸಿನ ಉತ್ತರದ ತುದಿ. ಮೂಡಲಿಗೆ ಸಮುದ್ರ, ಬಡಗಲಿಗೆ ಕೊಸಸ್ತಲೈ ಹೊಳೆ ಕಡಲು ಸೇರುವ ಅಳಿವೆ, ಪಡುವಲಿಗೆ ಬಕಿಂಗ್‌ಹ್ಯಾಮ್ ಕಾಲುವೆ, ಅದರಾಚೆ ಕಣ್ಣು ಹಾಯುವಷ್ಟು ದೂರ ಉಪ್ಪಿನ ಗದ್ದೆಗಳು. ಬೆಳಗ್ಗೆ ಬಾಗಿಲು ತೆಗೆದರೆ ಕುಪ್ಪಮ್ಮಿನಲ್ಲಿ ಒಣಹಾಕಿದ ಮೀನಿನ ವಾಸನೆ, ಮಧ್ಯಾಹ್ನಕ್ಕೆ ಬಿಸಿಲಿಗೆ ಕಾದ ಉಪ್ಪುನೀರಿನ ವಾಸನೆ, ಸಂಜೆ ಅಪ್ಪನ ಅಂಗಿಯಿಂದ ಬರುವ ಗ್ರೀಸಿನ ವಾಸನೆ. ಅಪ್ಪ ಇದ್ದದ್ದು ಅಶೋಕ್ ಲೇಲ್ಯಾಂಡಿನಲ್ಲಿ. 1948ರಲ್ಲಿ ಅಶೋಕ್ ಮೋಟಾರ್ಸ್ ಅನ್ನುವ ಹೆಸರಲ್ಲಿ ಶುರುವಾಗಿ, ಆಸ್ಟಿನ್ ಕಾರು ಜೋಡಿಸುತ್ತ, 1955ರಲ್ಲಿ ಲೇಲ್ಯಾಂಡ್ ಕೂಡಿಕೊಂಡ ಮೇಲೆ ಲಾರಿ, ಬಸ್ಸಿನ ಕಾರ್ಖಾನೆಯಾಗಿ ಬೆಳೆದದ್ದು ಅದು. ಬಳ್ಳಾರಿಯವರಿಗೆ ಮದ್ರಾಸು ಪರವೂರೇನಲ್ಲ. 1953ರ ಅಕ್ಟೋಬರ್ 1ರ ತನಕ ನಮ್ಮ ಜಿಲ್ಲೆ ಮದ್ರಾಸಿನ ಸರಕಾರದ ಕೈಯಲ್ಲೇ ಇತ್ತು. ಕೋರ್ಟು, ಕಾಲೇಜು, ದೊಡ್ಡಾಸ್ಪತ್ರೆ ಅಂದರೆ ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಮದ್ರಾಸಿಗೆ ಬರುವುದು ಅಜ್ಜನ ಕಾಲದ ರೂಢಿ. ಅದೇ ದಾರಿಯಲ್ಲಿ ಅಪ್ಪ ಬಂದರು, ಅಪ್ಪನ ಹಿಂದೆ ಅವ್ವ, ಅವ್ವನ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ವರ್ಷಕ್ಕೆರಡು ಸಲ ಜೋಳದ ಚೀಲ. ತಮಿಳರ ಬೀದಿಯ ನಡುವೆ ನಮ್ಮ ಮನೆಯಿಂದ ಮಾತ್ರ ಬೆಳಬೆಳಗ್ಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಯಾರ ಮನೆಯ ಕೋಳಿಗಿಂತ ನಮ್ಮಜ್ಜಿಯ ಅಂಗೈ ಮೊದಲು ಎಂದು ಪಾಟಿ ನಗುತ್ತಿದ್ದಳು.

ಮಾಮ ವಿಮಾನ ಹಿಡಿದದ್ದಕ್ಕೆ ತಾನೇ ಕಾರಣ ಎಂದು ಅಜ್ಜಿ ಹೇಳಿಕೊಳ್ಳುತ್ತಿದ್ದಳು. 1932ರ ಅಕ್ಟೋಬರಿನಲ್ಲಿ ಟಾಟಾದವರ ಮೊದಲ ಟಪಾಲು ವಿಮಾನ ಕರಾಚಿಯಿಂದ ಹೊರಟಾಗ ಮುಂಬಯಿಯ ತನಕ ಅದನ್ನು ಹಾರಿಸಿದವರು ಜೆ. ಆರ್. ಡಿ. ಟಾಟಾ. ಅಲ್ಲಿಂದ ಮದ್ರಾಸಿಗೆ ಟಪಾಲು ಒಯ್ದವನು ನೆವಿಲ್ ವಿಂಟ್ಸೆಂಟ್, ಬ್ರಿಟಿಷ್ ವಾಯುಪಡೆಯಲ್ಲಿದ್ದು ಬಂದವನು. ಅವನು ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಆಗಿನ್ನೂ ಹೊಸ ಸೊಸೆಯಾಗಿದ್ದ ಅಜ್ಜಿ ಅತ್ತೆಯ ಕಣ್ಣು ತಪ್ಪಿಸಿ ಮಾಳಿಗೆ ಹತ್ತಿ, ಗುಡ್ಡದ ಕಡೆಯಿಂದ ಬಂದ ಅದನ್ನು ನೋಡಿದಳಂತೆ. ನಿಜಕ್ಕೂ ನೋಡಿದ್ದಳೋ, ಊರೆಲ್ಲ ಆಡಿಕೊಂಡದ್ದನ್ನೇ ನೋಡಿದ ಹಾಗೆ ಹೇಳುತ್ತಿದ್ದಳೋ, ಅವಳನ್ನು ಅಡ್ಡಪ್ರಶ್ನೆ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಸಣ್ಣಾವ ಹೊಟ್ಟೆಯಲ್ಲಿದ್ದಾಗಲೂ, ತೊಟ್ಟಿಲಲ್ಲಿದ್ದಾಗಲೂ, ಅನ್ನ ಉಣ್ಣಲು ಹಟ ಮಾಡಿದಾಗಲೂ ಇದೇ ಕಥೆ ಹೇಳಿದ್ದಳಂತೆ. ಮಾಮ ದೊಡ್ಡವರಾದ ಮೇಲೆ ಅದಕ್ಕೊಂದು ಬಾಲ ಸೇರಿಸಿದರು. ಆ ವಿಂಟ್ಸೆಂಟ್ 1942ರಲ್ಲಿ, ಯುದ್ಧದ ಹೊತ್ತಿನಲ್ಲಿ, ವಿಮಾನದ ಸಮೇತ ಕಾಣೆಯಾದ ಎಂದು. ಅಜ್ಜಿಗೆ ಆ ಬಾಲ ಬೇಡವಾಗಿತ್ತು. "ಅದನ್ನ್ಯಾಕ ಹೇಳ್ತಿ, ಮಕ್ಕಳು ಉಣ್ಣಾಕತ್ಯಾವ" ಎಂದು ಗದರುತ್ತಿದ್ದಳು.

ಮಾಮ ವಾಯುಪಡೆ ಸೇರಿದ್ದು ಅರವತ್ತರ ಸುಮಾರಿಗೆ. ಮೊದಲು ಕಲಿತದ್ದು ಎಚ್‌ಟಿ-2 ಎಂಬ ಎರಡು ಸೀಟಿನ ವಿಮಾನದಲ್ಲಿ. ಅದನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆಯವರು ರೂಪಿಸಿದ್ದರು, 1951ರಲ್ಲಿ ಮೊದಲ ಸಲ ಹಾರಿತ್ತು. ನಮ್ಮ ನೀರು ಕುಡಿದ ವಿಮಾನ ಎಂದು ಮಾಮನಿಗೆ ಅದರ ಮೇಲೆ ಒಂದು ಕೈ ಹೆಚ್ಚು ಪ್ರೀತಿ. ಆದರೆ ಅವರಿಗೆ ಸಿಕ್ಕಿದ್ದು ಫೈಟರ್ ಅಲ್ಲ, ಡಕೋಟಾ. ಸಾಮಾನು ಹೊರುವ, ಎರಡು ಎಂಜಿನ್ನಿನ, ನೆಲದ ಮೇಲೆ ನಿಂತಾಗ ಬಾಲ ಊರಿ ಮುಖ ಮೇಲೆತ್ತಿ ಕೂರುವ ಡಕೋಟಾ. ಅಸ್ಸಾಮಿನ ಜೋರ್ಹಾಟಿನಲ್ಲಿದ್ದುಕೊಂಡು, ಆಗ ನೇಫಾ ಎನ್ನುತ್ತಿದ್ದ ಈಗಿನ ಅರುಣಾಚಲದ ಕಣಿವೆಗಳಿಗೆ, ರಸ್ತೆಯಿಲ್ಲದ ಠಾಣೆಗಳಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ, ಉಪ್ಪು ಎಸೆಯುವ ಕೆಲಸ. ಗುಡ್ಡ ಎರಡೂ ಕಡೆಗೆ ಒತ್ತಿ ಬರುವ ಕಣಿವೆಯೊಳಗೆ ವಿಮಾನ ಇಳಿಸಿ, ನೆಲದ ಮೇಲೆ ಹಾಸಿದ ಬಿಳಿ ಬಟ್ಟೆಯ ಗುರುತು ಹುಡುಕಿ, ಬಾಗಿಲಿಲ್ಲದ ಪಕ್ಕೆಯಿಂದ ಹುಡುಗರು ಚೀಲಗಳನ್ನು ಒದ್ದು ನೂಕುವಾಗ ಎದುರಿನ ಗೋಡೆಯಂಥ ಬೆಟ್ಟಕ್ಕೆ ಮುಟ್ಟದ ಹಾಗೆ ತಿರುಗಿಸಿಕೊಂಡು, ಮತ್ತೆ ಸುತ್ತಿ ಬಂದು ಮತ್ತೆ ಎಸೆಯಬೇಕು. ಇದನ್ನು ಅವರು ನಮಗೆ ಹೇಳುತ್ತಿದ್ದದ್ದು ಅಡಿಗೆಮನೆಯ ನೆಲದ ಮೇಲೆ. ಎರಡು ಒರಳು ಬೆಟ್ಟ, ಈಳಿಗೆಮಣೆ ವಿಮಾನ, ಹುರಿದ ಶೇಂಗಾ ಚೀಲ. ಗುರುತು ತಪ್ಪಿ ಬಿದ್ದ ಶೇಂಗಾ ತಿನ್ನುವ ಹಕ್ಕು ನಮ್ಮದು ಎಂಬ ಕರಾರಿದ್ದುದರಿಂದ ಮಾಮನ ಗುರಿ ಯಾವಾಗಲೂ ತಪ್ಪುತ್ತಿತ್ತು.

ಯುದ್ಧದ ಕಥೆ ಕೇಳಿದರೆ ಮಾಮ ತಮ್ಮದನ್ನು ಹೇಳುತ್ತಿರಲಿಲ್ಲ, ಕೊಡಗಿನ ಅಜ್ಜಮಾಡ ದೇವಯ್ಯನವರದ್ದನ್ನು ಹೇಳುತ್ತಿದ್ದರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾದ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ದೇವಯ್ಯನವರದ್ದು ತಿರುಗಿ ಬರಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರಿಗೆ ಎದುರು ನಿಂತು ಅದನ್ನು ಹೊಡೆದು ಕೆಡವಿಯೇ ಅವರು ಬಿದ್ದದ್ದೆಂದು, ಬಹಳ ವರ್ಷದ ಮೇಲೆ ಒಬ್ಬ ವಿದೇಶಿ ಲೇಖಕನ ಪುಸ್ತಕದಿಂದ ಹೊರಗೆ ಬಂದು, 1988ರಲ್ಲಿ ಮಹಾವೀರ ಚಕ್ರ ಬಂತು. ಇಪ್ಪತ್ಮೂರು ವರ್ಷ. ಅದಕ್ಕೂ ಮೊದಲೇ, ಅವರು ಬರೀ 'ಕಾಣೆಯಾದವರು' ಆಗಿದ್ದಾಗಲೇ, ಮಾಮ ಅವರ ಹೆಸರು ಹೇಳುವಾಗ ಚಕ್ಕಳಮಕ್ಕಳ ಬಿಚ್ಚಿ ನೆಟ್ಟಗೆ ಕೂರುತ್ತಿದ್ದರು. ಚಕ್ರದ ಸುದ್ದಿ ಬಂದ ದಿನ ದೊಡ್ಡವರಾಗಿದ್ದ ನಮಗೆಲ್ಲ ಒಂದೊಂದು ಕಾರ್ಡು ಬರೆದರು, ಒಂದೇ ಸಾಲು: 'ದೇವಯ್ಯನವರದ್ದು ಬಂತು.' ಕಾರ್ಡಿನ ಉಳಿದ ಜಾಗ ಖಾಲಿ.

ಆದರೆ ನಮಗೆ ಮಾಮ ಮೈತುಂಬ ಸಿಕ್ಕಿದ್ದು ಅವರನ್ನು ತಾಂಬರಮ್ಮಿಗೆ ಹಾಕಿದ ಮೇಲೆ. ಅಲ್ಲಿ 1954ರಿಂದ ವಾಯುಪಡೆಯ ಶಾಲೆ, ಹಾರಾಟ ಕಲಿಸುವ ಮೇಷ್ಟ್ರುಗಳನ್ನೇ ತಯಾರು ಮಾಡುವ ಶಾಲೆ. ನಗರದ ಆ ತುದಿಗೆ ತಾಂಬರಂ, ಈ ತುದಿಗೆ ಎಣ್ಣೂರು. ಶನಿವಾರ ಮಧ್ಯಾಹ್ನ ಬುಲೆಟ್ ಏರಿ, ಸೇಂಟ್ ಥಾಮಸ್ ಮೌಂಟು, ಮೌಂಟ್ ರೋಡು, ಪ್ಯಾರೀಸು, ರಾಯಪುರಂ, ತೊಂಡಿಯಾರ್‌ಪೇಟೆ ದಾಟಿ ತಿರುವೊತ್ತಿಯೂರಿಗೆ ಬಂದರೆ, ಆ ಬುಲೆಟ್ಟು ಹುಟ್ಟಿದ ಎನ್‌ಫೀಲ್ಡ್ ಕಾರ್ಖಾನೆಯ ಮುಂದೆಯೇ ಹಾಯಬೇಕು. ತವರುಮನೆಯ ಮುಂದೆ ಗಾಡಿ ಜೋರಾಗಿ ಓಡುತ್ತದೆ ಎಂದು ಮಾಮ ನಂಬಿಸಿದ್ದರು. ನಾವು ಬೀದಿ ತಿರುವಿನಲ್ಲಿ ಕಾಯುತ್ತಿದ್ದೆವು. ಡುಗ್ ಡುಗ್ ಸದ್ದು ಮೊದಲು ಪಾಟಿಯ ಮನೆಯ ನಾಯಿಗೆ ಕೇಳುತ್ತಿತ್ತು, ಆಮೇಲೆ ನಮಗೆ. ಇಬ್ಬರು ಟ್ಯಾಂಕಿನ ಮೇಲೆ, ಮೂವರು ಹಿಂದೆ, ಉಳಿದವರು ಓಡುತ್ತ, ಹೀಗೆ ಮನೆ ಬಾಗಿಲಿಗೆ ಮೆರವಣಿಗೆ.

ಅವ್ವ ಅಂದು ಉಗ್ಗಾಣಿ ಮಾಡಲೇಬೇಕು, ಜತೆಗೆ ಮೆಣಸಿನಕಾಯಿ ಬಜ್ಜಿ. ಮದ್ರಾಸಿನ ಮಂಡಕ್ಕಿ ನೀರಿಗೆ ಬಿದ್ದರೆ ಮುದ್ದೆಯಾಗುತ್ತದೆಂದು ಬಳ್ಳಾರಿಯಿಂದ ಬಂದ ಮಂಡಕ್ಕಿಯನ್ನು ಗಂಟು ಕಟ್ಟಿ ಅಟ್ಟದ ಮೇಲೆ ಅವರಿಗೆಂದೇ ಇಟ್ಟಿರುತ್ತಿದ್ದಳು. ಹುರಿಗಡಲೆ ಪುಡಿ ಉದುರಿಸಿ, ಲಿಂಬಿಹುಳಿ ಹಿಂಡಿ, ಹಿತ್ತಾಳಿ ಪರಾತಕ್ಕೆ ಸುರಿದರೆ ಮಾಮ ತಾಟು ಗೀಟು ಕೇಳದೆ ನಮ್ಮ ಜತೆ ಅದರ ಸುತ್ತ ಕೂತುಬಿಡುತ್ತಿದ್ದರು. ಅವರ ಮೈಯಿಂದ ಶೇವಿಂಗ್ ಸೋಪು, ಪೆಟ್ರೋಲು, ಇಸ್ತ್ರಿ ಹಾಕಿದ ಖಾಕಿ, ಇವುಗಳ ನಡುವೆ ಎಲ್ಲೋ ಒಂಚೂರು ಜೋರ್ಹಾಟಿನ ಚಹಾಪುಡಿಯ ವಾಸನೆ ಬರುತ್ತಿತ್ತು. ಹಾಗೆಂದು ನಾವು ಇವತ್ತಿಗೂ ಹೇಳುತ್ತೇವೆ. ಮದುವೆಯಾದ ಮೇಲೆ ಅತ್ತೆ ಬುಲೆಟ್ಟಿನ ಹಿಂದೆ ಸೆರಗು ಬಿಗಿದು ಕೂತು ಬಂದರೂ ಟ್ಯಾಂಕಿನ ಮೇಲಿನ ನಮ್ಮ ಹಕ್ಕು ಹೋಗಲಿಲ್ಲ.

ಸಂಜೆ ನಮ್ಮನ್ನೆಲ್ಲ ಕರೆದುಕೊಂಡು ಉಪ್ಪಿನ ಗದ್ದೆಗೆ ಹೋಗುತ್ತಿದ್ದರು. ಬೇರೆ ದೊಡ್ಡವರು ಬಂದರೆ ಸಮುದ್ರ ನೋಡಲು ಹೋಗುತ್ತಿದ್ದರು, ಮಾಮ ಮಾತ್ರ ಕಡಲಿಗೆ ಬೆನ್ನು ಹಾಕಿ ಕಾಲುವೆಯ ಕಡೆ ನಡೆಯುತ್ತಿದ್ದರು. ಬದುಗಳ ಮೇಲೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಕು. ಎಡಬಲಕ್ಕೆ ಕನ್ನಡಿಯಂತೆ ನಿಂತ ನೀರು, ಮರದ ಹಲಿಗೆಯಿಂದ ಉಪ್ಪು ಎಳೆಯುವ ಹೆಂಗಸರು, ಗುಪ್ಪೆ ಹಾಕಿ ತಾಳೆಗರಿ ಹೊದಿಸಿದ ರಾಶಿಗಳು. ಒಂದು ರಾಶಿಯ ಹತ್ತಿರ ನಿಂತು ಹರಳು ಬಾಯಿಗೆ ಹಾಕಿಕೊಂಡು ಅವರು ಬಹಳ ಹೊತ್ತು ಚೀಪುತ್ತಿದ್ದರು. ಗುಡ್ಡದ ಮೇಲಿನ ಒಂದು ಠಾಣೆಗೆ ಮೋಡ ಮುಸುಕಿ ದಿನಗಟ್ಟಲೆ ಹೋಗಲಾಗದೆ, ಕಡೆಗೊಂದು ಬೆಳಗ್ಗೆ ಮೋಡದ ನಡುವೆ ಬಾವಿಯಷ್ಟು ಕಿಂಡಿ ಸಿಕ್ಕಿ ಚೀಲ ಎಸೆದು ಬಂದದ್ದನ್ನು, ಆಮೇಲೆ ಕೆಳಗಿನವರು ವೈರ್‌ಲೆಸ್ಸಿನಲ್ಲಿ ಬೇರೇನೂ ಹೇಳದೆ ಉಪ್ಪು ಮುಟ್ಟಿತೆಂದು ಮೂರು ಸಲ ಹೇಳಿದ್ದನ್ನು ಅಲ್ಲಿಯೇ, ಆ ಗುಪ್ಪೆಯ ಪಕ್ಕದಲ್ಲಿಯೇ ಹೇಳಿದ್ದು. "ಅಕ್ಕಿ ಇಲ್ಲಂದ್ರ ಗೆಡ್ಡಿಗೆಣಸು ತಿಂತಾರ್ರೊ. ಉಪ್ಪಿಲ್ಲಂದ್ರ ಮನಶ್ಯಾ ಸಿಟ್ಟಿಗೇಳ್ತಾನ." ನಮಗೆ ಅದೇನು ತಿಳಿಯಬೇಕು, ನಮ್ಮೂರಿನಲ್ಲಿ ಉಪ್ಪು ಕಾಲಿಗೆ ತೊಡರುತ್ತಿತ್ತು. ತಿರುಗಿ ಬರುವಾಗ ಎಲ್ಲರ ಜೇಬಿನಲ್ಲೂ ಹರಳು, ರಾತ್ರಿ ಅವ್ವ ಚಡ್ಡಿ ಒಗೆಯಲು ತೆಗೆದುಕೊಂಡಾಗ ಬೈಗುಳ.

ಎಪ್ಪತ್ತರ ಹೊತ್ತಿಗೆ ಎರಡು ಬದಲಾವಣೆ ಒಂದರ ಬೆನ್ನಿಗೊಂದು ಆದವು. ಅಳಿವೆಯ ಕಡೆ ಉಷ್ಣ ವಿದ್ಯುತ್ ಸ್ಥಾವರ 1970ರಲ್ಲಿ ಶುರುವಾಗಿ ನಮ್ಮ ಆಕಾಶಕ್ಕೆ ಚಿಮಣಿಗಳು ಬಂದವು. ಮಾಮ ವಾಯುಪಡೆ ಬಿಟ್ಟು ಇಂಡಿಯನ್ ಏರ್‌ಲೈನ್ಸ್ ಸೇರಿದರು. ಆ ಸಂಸ್ಥೆಯಾದರೂ ಎಂಥದ್ದು, 1953ರಲ್ಲಿ ಎಂಟು ಖಾಸಗಿ ಕಂಪನಿಗಳನ್ನು ಸರಕಾರ ಒಂದೇ ಹೊಲಿಗೆ ಹಾಕಿ ಮಾಡಿದ್ದು. ನಾಗಪುರದ ರಾತ್ರಿ ಟಪಾಲಿನಲ್ಲಿ ನುರಿತ ಹಳೆಯ ಹುಲಿಗಳು ಅಲ್ಲಿನ್ನೂ ಇದ್ದರು. ದೆಹಲಿ, ಮುಂಬಯಿ, ಕಲಕತ್ತೆ, ಮದ್ರಾಸುಗಳಿಂದ ಹೊರಟ ನಾಲ್ಕು ವಿಮಾನ ನಡುರಾತ್ರಿ ನಾಗಪುರದಲ್ಲಿ ಕೂಡಿ, ಚೀಲ ಅದಲುಬದಲು ಮಾಡಿಕೊಂಡು, ಬೆಳಗಾಗುವುದರಲ್ಲಿ ಹೊರಟಲ್ಲಿಗೇ ಮರಳುವ ಆ ವ್ಯವಸ್ಥೆ ಹುಟ್ಟಿದ್ದು 1949ರಲ್ಲಿ. ಆ ಹಿರಿಯರ ಎದುರು ಮಾಮ ಮತ್ತೆ ವಿದ್ಯಾರ್ಥಿ. ಕೂತದ್ದು ಎಡದ ಸೀಟಿನಲ್ಲಲ್ಲ, ಬಲದ್ದರಲ್ಲಿ. ಸೈನ್ಯದಲ್ಲಿ ಮೇಷ್ಟ್ರಾಗಿದ್ದವನಿಗೆ ಇದು ಕಷ್ಟವಲ್ಲವೇ ಎಂದು ಅಪ್ಪ ಕೇಳಿದ್ದಕ್ಕೆ, ಉಪ್ಪಿನ ಚೀಲ ಮಾತಾಡ್ತಿರಲಿಲ್ಲ, ಈ ಚೀಲಗಳು ಚಹಾ ಆರಿದೆ ಅಂತಾವೆ, ಅದನ್ನ ಕಲೀಬೇಕಲ್ಲ ಎಂದು ನಕ್ಕಿದ್ದರಂತೆ.

ನಮಗೆ ಆದ ಲಾಭ ಹತ್ತಿ ಮತ್ತು ಪೆಪ್ಪರಮಿಂಟು. ವಿಮಾನ ಏರುವಾಗ ಕಿವಿ ಗುಂಯ್‌ಗುಡದಿರಲೆಂದು ಗಗನಸಖಿಯರು ತಟ್ಟೆಯಲ್ಲಿ ತರುತ್ತಿದ್ದ ಹತ್ತಿಯುಂಡೆ, ಟಾಫಿಗಳಲ್ಲಿ ಉಳಿದದ್ದು ಮಾಮನ ಜೇಬು ಸೇರಿ ಎಣ್ಣೂರಿಗೆ ಬರುತ್ತಿತ್ತು. ಪಡಸಾಲೆಯಲ್ಲಿ ಮಣೆಗಳನ್ನು ಎರಡೆರಡಾಗಿ ಸಾಲಿಟ್ಟು, ಎಲ್ಲರೂ ಕಿವಿಗೆ ಹತ್ತಿ ತುರುಕಿಕೊಂಡು, ಅವ್ವನ ಹಳೆಯ ಇಳಕಲ್ಲು ಸೀರೆ ಸುತ್ತಿಕೊಂಡ ದೊಡ್ಡಕ್ಕ ಸಾಣಿಗೆಯಲ್ಲಿ ಟಾಫಿ ಹಂಚುತ್ತ, ನಮ್ಮ ವಿಮಾನ ದಿನಾ ಬಳ್ಳಾರಿಗೆ ಹೊರಡುತ್ತಿತ್ತು. ಪೈಲಟ್ಟು ಯಾರೆಂಬ ಜಗಳ ತೀರಿ ಹಾರಾಟ ಶುರುವಾದ ಮೇಲೆ, ರೈಲು ಬಿಟ್ಟರೆ ಬೇರೆ ಪ್ರಯಾಣ ಕಾಣದ ನಮ್ಮ ದೊಡ್ಡಕ್ಕ ಗಂಭೀರವಾಗಿ ಘೋಷಿಸುತ್ತಿದ್ದಳು: "ಗುಂತಕಲ್ಲು ಬಂತು, ಬಳ್ಳಾರಿಗೆ ಹೋಗೋರು ಇಳದು ವಿಮಾನ ಬದಲಿಸ್ರಿ." ಕಿವಿಯಲ್ಲಿ ಹತ್ತಿ ಇದ್ದುದರಿಂದ ಅವ್ವ ನೀರಿಗೆ ಕರೆದದ್ದು ಯಾರಿಗೂ ಕೇಳುತ್ತಿರಲಿಲ್ಲ. ಬೀದಿಕೊನೆಯ ಪಂಪಿನಲ್ಲಿ ಸಾಲು ಕರಗಿ, ನಮ್ಮ ಕೊಡಗಳು ಖಾಲಿಯೇ ಉರುಳಿಕೊಂಡಿರುತ್ತಿದ್ದವು. ಸಪ್ಪೆನೀರು ಬರುತ್ತಿದ್ದದ್ದೇ ಆ ಒಂದು ಗಳಿಗೆ, ಆಮೇಲೆ ಬರುವುದೆಲ್ಲ ಉಪ್ಪು.

ಇನ್ನು ಮಾಳಿಗೆಯ ಸಂಗತಿ. ಸಂಜೆಯ ಹೊತ್ತು ಉತ್ತರದಿಂದ, ವಿಶಾಖಪಟ್ಟಣದ ಕಡೆಯಿಂದ ಬರುವ ವಿಮಾನಗಳು ಕಡಲಂಚು ಹಿಡಿದು ನಮ್ಮ ಮೇಲೆ ಹಾದು ಮೀನಂಬಾಕ್ಕಂ ಕಡೆ ಇಳಿಯುತ್ತಿದ್ದವು. ಆವ್ರೋ ಯಾವುದು, ಫೋಕರ್ ಯಾವುದು ಎಂದು ನಾವು ಕತ್ತೆತ್ತದೆ ಹೇಳಬಲ್ಲೆವಾಗಿದ್ದೆವು. ರೆಕ್ಕೆ ಮೈಗಿಂತ ಮೇಲಿದ್ದರೆ ಫೋಕರ್, ಕೆಳಗಿದ್ದರೆ ಕಾನ್ಪುರದಲ್ಲಿ ಎಚ್‌ಎಎಲ್‌ನವರು ಮಾಡಿದ ಆವ್ರೋ. ಕತ್ತೆತ್ತದೆ ಹೇಗೆ ರೆಕ್ಕೆ ಕಂಡಿತು ಎಂದು ಕೇಳಬಾರದು. ಮಾಮ ತಮ್ಮ ಸರದಿಯ ದಿನ ಮೊದಲೇ ತಿಳಿಸಿದರೆ ಅವತ್ತು ಮಾಳಿಗೆಯ ಮೇಲೆ ಜಾತ್ರೆ. ಒಣಹಾಕಿದ ಸಂಡಿಗೆ, ಹಪ್ಪಳಗಳ ಮೇಲೆ ಊರ ಬೂದಿ ಕೂರದ ಹಾಗೆ ಹೊದಿಸಿದ್ದ ಪಂಚೆಯನ್ನೇ ಎಳೆದುಕೊಂಡು, ಅಜ್ಜಿಯ ಕೌದಿಯನ್ನು ನಾಲ್ಕು ಮೂಲೆಗೆ ನಾಲ್ವರು ಹಿಡಿದು ಬೀಸುತ್ತಿದ್ದೆವು. ರೆಕ್ಕೆ ಅಲ್ಲಾಡಿಸು ಮಾಮ ಎಂದು ಕೇಳಿದ್ದಕ್ಕೆ ಅವರು ಸಾಫಾಗಿ ಆಗದು ಅಂದಿದ್ದರು, ಒಳಗೆ ಜನ ಕೂತಿರ್ತಾರ, ನಿಮ್ಮ ಸಲುವಾಗಿ ಅವರ ಹೊಟ್ಟಿ ತೊಳಸಬಾರದು. ಬೇಕಾದರೆ ಇಳಿಯುವ ದೀಪ ಒಂದು ಗಳಿಗೆ ಹಚ್ಚಿ ಆರಿಸಬಹುದೇನೋ, ಮೇಲಿನ ಕ್ಯಾಪ್ಟನ್ ಒಪ್ಪಿದರೆ. ಆ 'ಏನೋ' ಹಿಡಿದುಕೊಂಡು ನಾವು ಎಷ್ಟು ಸಂಜೆಗಳನ್ನು ಕಳೆದಿದ್ದೇವೆ! ಹತ್ತಿತು ಎಂದು ಅರ್ಧ ದಂಡು ಕೂಗಿದರೆ, ಅದು ಚುಕ್ಕಿ ಎಂದು ಉಳಿದರ್ಧ. ಜಗಳ ಕೆಳಗಿಳಿದು ಅಡಿಗೆಮನೆಗೆ ಬಂದು, ಊಟಕ್ಕೆ ಕೂತಾಗಲೂ ನಡೆದು, ಮುಂದಿನ ಸಲ ಮಾಮ ಬಂದಾಗ ಅವರ ಮುಂದೆ ಪಂಚಾಯತಿಗೆ ಹೋಗುತ್ತಿತ್ತು. ಮಾಮ ಬಾಯಿ ಬಿಡುತ್ತಿರಲಿಲ್ಲ. "ನೀವು ಕಂಡೀರೇನು? ಕಂಡಿದ್ರ ಹಚ್ಚೀನಿ."

1973ರ ಮೇ 31ರ ರಾತ್ರಿ ಮದ್ರಾಸಿನಿಂದ ದೆಹಲಿಗೆ ಹೋದ ಇಂಡಿಯನ್ ಏರ್‌ಲೈನ್ಸ್ ಬೋಯಿಂಗ್ 737 ಇಳಿಯುವಾಗ, ದೂಳುಗಾಳಿಯ ಹೊತ್ತಿನಲ್ಲಿ, ಪಾಲಂ ಹತ್ತಿರ ಬಿದ್ದಿತು. ಅರವತ್ತೈದು ಜನರಲ್ಲಿ 48 ಜನ ಹೋದರು. ಕೇಂದ್ರ ಮಂತ್ರಿ ಮೋಹನ್ ಕುಮಾರಮಂಗಲಂ ಅದರಲ್ಲಿದ್ದರು, ಮದ್ರಾಸಿಗೆ ಮದ್ರಾಸೇ ಮಂಕಾಯಿತು. ನಮಗೆ ಬೆಳಗ್ಗೆ ರೇಡಿಯೋದಲ್ಲಿ ಕೇಳಿದ್ದು ಮೂರೇ ಮಾತು: ಮದ್ರಾಸು, ವಿಮಾನ, ಅಪಘಾತ. ಅಜ್ಜಿ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲಿಯೇ ಬಿಟ್ಟಳು, ಹಂಚು ಹೊಗೆಯಾಡುತ್ತಲೇ ಇತ್ತು. ಅಪ್ಪ ಅಂಗಿ ಗುಂಡಿ ತಪ್ಪಾಗಿ ಹಾಕಿಕೊಂಡು ಫೋನು ಸಿಗುತ್ತದೆಂದು ಕಾರ್ಖಾನೆಗೆ ಸೈಕಲ್ ತುಳಿದರು. ಪಾಟಿ ಬಂದು ಮಾತಾಡದೆ ಅಜ್ಜಿಯ ಪಕ್ಕ ಕೂತಳು. ಆ ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಪೂರಾ ಬರುತ್ತಿರಲಿಲ್ಲ, ಅವತ್ತು ಬೇಕೂ ಆಗಲಿಲ್ಲ. ನಮ್ಮನ್ನು ಹಿತ್ತಲಿಗೆ ಅಟ್ಟಿದ್ದರು. ಯಾರೂ ವಿಮಾನದಾಟ ಆಡಲಿಲ್ಲ. ಮಧ್ಯಾಹ್ನ ಅಪ್ಪ ತಿರುಗಿ ಬಂದು, ಸಾಹೇಬ್ರು ಹೈದರಾಬಾದಿನಲ್ಲಿದ್ದಾರೆ, ನಿನ್ನೆಯಿಂದ ಅಲ್ಲೇ ಇದ್ದಾರೆ ಎಂದಾಗ, ಅಜ್ಜಿ ಏನೂ ಹೇಳದೆ ಎದ್ದು, ಸುಟ್ಟುಹೋಗಿದ್ದ ಹಂಚನ್ನು ಬೂದಿ ಹಾಕಿ ತಿಕ್ಕಲು ಶುರು ಮಾಡಿದಳು. ಮುಂದಿನ ಶನಿವಾರ ಮಾಮ ಬಂದರು. ಅವರು ಆ ವಿಷಯ ಎತ್ತಲಿಲ್ಲ, ಯಾರೂ ಎತ್ತಲಿಲ್ಲ. ಅವರ ಜೇಬಿನಲ್ಲಿ ಆ ಸಲ ಟಾಫಿ ಇರಲಿಲ್ಲ, ನಾವೂ ಕೇಳಲಿಲ್ಲ. ಮಕ್ಕಳಿಗೂ ಕೆಲವೊಮ್ಮೆ ಬುದ್ಧಿ ಇರುತ್ತದೆ.

ಆಮೇಲಿನದ್ದನ್ನು ಬೇಗ ಹೇಳಿ ಮುಗಿಸಬಹುದು. ಮಾಮ ಎಡದ ಸೀಟಿಗೆ ಬಂದರು, ಬೋಯಿಂಗ್ ಹಾರಿಸಿದರು, ಕೂದಲು ಬೆಳ್ಳಗಾಯಿತು. ನಾವು ಒಬ್ಬೊಬ್ಬರೇ ಕಾಲೇಜು, ನೌಕರಿ, ಮದುವೆ ಎಂದು ಎಣ್ಣೂರು ಬಿಟ್ಟೆವು. ಅಪ್ಪ ನಿವೃತ್ತರಾದ ಮೇಲೆ ಮನೆಯೂ ಖಾಲಿಯಾಯಿತು. ಪಾಟಿ ಹೋದ ಸುದ್ದಿ ನಮಗೆ ತಿಳಿದದ್ದು ತಿಂಗಳ ಮೇಲೆ. 2001ರಲ್ಲಿ ಅಳಿವೆಯ ಆಚೆ ಬಂದರು ಆಯಿತು, ಆಮೇಲೆ ಅದಕ್ಕೆ ಕಾಮರಾಜರ ಹೆಸರು ಬಂತು. 2017ರ ಜನವರಿಯಲ್ಲಿ ಅಲ್ಲಿಯ ಸಮುದ್ರದಲ್ಲಿ ಎರಡು ಹಡಗು ಡಿಕ್ಕಿ ಹೊಡೆದು ಎಣ್ಣೆ ಚೆಲ್ಲಿ, ಜನ ಬಕೆಟ್ಟುಗಳಲ್ಲಿ ಆ ಕರಿ ರಾಡಿಯನ್ನು ಮೊಗೆದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಅದೇ ವರ್ಷ ಮಾರ್ಚಿನಲ್ಲಿ, ನಮ್ಮ ಆಕಾಶದೊಳಗೆ ಎದ್ದಿದ್ದ ಆ ಉಷ್ಣ ಸ್ಥಾವರವನ್ನೂ ಮುಚ್ಚಿದರು. ಮಾಮನ ಇಂಡಿಯನ್ ಏರ್‌ಲೈನ್ಸೂ 2007ರಲ್ಲಿ ಏರ್ ಇಂಡಿಯಾದೊಳಗೆ ಕರಗಿತು. ನಡುವೆ ಒಮ್ಮೆ ಮಾಮನನ್ನು ಕಾರಿನಲ್ಲಿ ಕೂರಿಸಿಕೊಂಡು ಎಣ್ಣೂರಿಗೆ ಹೋಗಿದ್ದೆವು. ಕಡಲು ಒಳಗೆ ಬಂದು, ಅದನ್ನು ತಡೆಯಲು ಸುರಿದ ಕರಿಬಂಡೆಗಳ ಸಾಲು ನಿಂತಿತ್ತು. ಉಪ್ಪಿನ ಗದ್ದೆಯ ಕಡೆ ಅವರೇ ಮೊದಲು ನಡೆದರು. ಕಾಲುವೆ ದಾಟಿ ಸ್ವಲ್ಪ ದೂರಕ್ಕೆ ಗೋಡೆ, ಗೋಡೆಯಾಚೆ ಬೂದುಬಣ್ಣದ ನೆಲ, ಕೊಳವೆಗಳು. ಮಾಮ ಗೋಡೆಯ ಈಚೆ ನಿಂತು ಸುಮ್ಮನೆ ಬಾಯಿ ಚಪ್ಪರಿಸಿದರು, ನಾಲಗೆ ತುದಿಯಲ್ಲಿ ಏನೋ ಹುಡುಕುವವರ ಹಾಗೆ. ನಂತರ ಕಾರಿನಲ್ಲಿ ಮಾತೆಲ್ಲ ಬೇರೆ, ಎಂಟಿಆರ್‌ನ ರವೆ ಇಡ್ಲಿಯ ಬಗ್ಗೆ.

ಕಡೆಯ ವರ್ಷಗಳಲ್ಲಿ ಬೆಂಗಳೂರಿನ ಮನೆಯಲ್ಲಿ ಕಿವಿ ಸ್ವಲ್ಪ ಮಂದವಾಗಿತ್ತು. ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿದ ಒಂದು ಹಳೆಯ ಡಕೋಟಾವನ್ನು 2018ರಲ್ಲಿ ಅಲ್ಲಿಂದ ಹಾರಿಸಿ ತಂದು, ಪರಶುರಾಮ ಎಂದು ಹೆಸರಿಟ್ಟು ವಾಯುಪಡೆಗೆ ಸೇರಿಸಿಕೊಂಡಾಗ, ತಂಗಿಯ ಮಗ ಅದರ ವಿಡಿಯೋ ತೋರಿಸಲು ಫೋನು ಹಿಡಿದ. ಮಾಮ ಪರದೆ ನೋಡಲೇ ಇಲ್ಲ. ಫೋನು ತೆಗೆದುಕೊಂಡು ಕಿವಿಗೆ ಒತ್ತಿ, ಎಂಜಿನ್ನಿನ ಸದ್ದು ಮುಗಿಯುವ ತನಕ ಕಣ್ಣು ಮುಚ್ಚಿ ಕೂತಿದ್ದು, "ಎಡಗಡೀದು ಒಂಚೂರು ಕೆಮ್ಮತೈತಿ" ಅಂದರು. 2020ರ ಆಗಸ್ಟ್ 7ರ ಮಳೆಯ ರಾತ್ರಿ ಕೋಳಿಕೋಡಿನಲ್ಲಿ ದುಬೈ ವಿಮಾನ ರನ್‌ವೇ ದಾಟಿ ಬಿದ್ದಾಗ ಮಾತ್ರ ಟಿವಿ ಆರಿಸಲು ಬಿಡಲಿಲ್ಲ. ಅದರ ಕ್ಯಾಪ್ಟನ್ ದೀಪಕ್ ಸಾಠೆ ಮಾಮನ ಹಾಗೆಯೇ ವಾಯುಪಡೆಯಿಂದ ಬಂದವರು, ಎಚ್‌ಎಎಲ್‌ನಲ್ಲಿ ಪರೀಕ್ಷಾ ಪೈಲಟ್ ಆಗಿದ್ದವರು. ಕೋವಿಡ್ಡಿನಲ್ಲಿ ಹೊರದೇಶಗಳಲ್ಲಿ ಸಿಕ್ಕಿಕೊಂಡ ನಮ್ಮವರನ್ನು ಕರೆತರುತ್ತಿದ್ದ ವಿಮಾನ ಅದು. ಅವರೂ ಜತೆಯ ಪೈಲಟ್ ಅಖಿಲೇಶ್ ಕುಮಾರರೂ ಉಳಿಯಲಿಲ್ಲ. ಟಿವಿಯಲ್ಲಿ ಯಾರ್ಯಾರೋ ಕೂತು ತಪ್ಪು ಯಾರದೆಂದು ಆಗಲೇ ತೀರ್ಮಾನ ಕೊಡುತ್ತಿದ್ದರು. "ಮಳೀ ನೋಡ್ರಿ, ಮಳೀ" ಎಂದಷ್ಟೇ ಮಾಮ ಅಂದದ್ದು, ಯಾರಿಗೆ ಅಂದರೋ. ಬೆಳಗಿನ ಜಾವದ ತನಕ ಮಲಗಲಿಲ್ಲ ಎಂದು ಅತ್ತೆ ಆಮೇಲೆ ಹೇಳಿದರು.

ಮಾಮನ ದಿನಕರ್ಮದ ಹೊತ್ತಿಗೆ ದಂಡಿನವರೆಲ್ಲ ಸೇರಿದ್ದೆವು, ಅಮೆರಿಕದ ತಮ್ಮನೂ ಬಂದಿದ್ದ. ಎಲ್ಲರಿಗೂ ಮಂಡಿನೋವು, ಒಬ್ಬಿಬ್ಬರಿಗೆ ಹಲ್ಲಿಲ್ಲ. ಊಟವಾದ ಮೇಲೆ ಅತ್ತೆ ಅಟ್ಟದಿಂದ ಕಬ್ಬಿಣದ ಟ್ರಂಕು ಇಳಿಸಿ ಹಾರಾಟದ ಪುಸ್ತಕಗಳನ್ನು ತೆಗೆದುಕೊಟ್ಟರು. ತಾರೀಕು, ವಿಮಾನದ ಜಾತಿ, ಎಲ್ಲಿಂದ ಎಲ್ಲಿಗೆ, ಎಷ್ಟು ತಾಸು, ಎಲ್ಲ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ಉತ್ತರದಿಂದ ಮದ್ರಾಸಿಗೆ ಬಂದ ಸಂಜೆಗಳನ್ನು ಹುಡುಕಿ ನಾವು ಬೆರಳಿಟ್ಟು ನೋಡಿದೆವು. ಷರಾ ಬರೆಯುವ ಅಂಕಣ ಎಲ್ಲ ಕಡೆ ಖಾಲಿ. ಹತ್ತಿದ್ದು ನಿಜ ಎಂದು ದೊಡ್ಡಕ್ಕ, ಚುಕ್ಕಿ ಎಂದು ತಮ್ಮ, ಮತ್ತೆ ಶುರುವಾಯಿತು, ಅದೇ ಏರುದನಿ, ಅದೇ ಪಕ್ಷಗಳು. ಕಡೆಗೆ ಪಂಚಾಯತಿ ಅತ್ತೆಯ ಮುಂದೆ ಹೋಯಿತು, ನಿಮಗೆ ಒಂದಿನಾದರೂ ಹೇಳಿರಬೇಕಲ್ಲ, ದೀಪ ಹಚ್ಚಿ ಆರಿಸುತ್ತಿದ್ದರೋ ಇಲ್ಲವೋ ಎಂದು. ಅತ್ತೆ ಟ್ರಂಕಿನ ಮುಚ್ಚಳ ಒರೆಸುತ್ತಿದ್ದವರು ತಲೆ ಎತ್ತಿ ನೋಡಿ, "ಹಚ್ಚಿದ್ರೂ ಹಚ್ಚಿರಬೇಕಪ. ಆರ್ಸಿರಾಕಿಲ್ಲ. ಹಾಲಿಂದು, ಬಚ್ಚಲದ್ದು, ಹಿತ್ಲದ್ದು, ಇಷ್ಟು ವರ್ಷ ಮನೀ ತುಂಬ ಅವರು ಹಚ್ಚಿದ್ದು ಎಲ್ಲಾ ನಾನ ಆರಿಸೀನಿ" ಅಂದರು.